ಕಣ್ಣ ಮುಂದೆಯೇ ಇತ್ತು, ಕಾಣಲಿಲ್ಲ

ಕಳೆದ ತಿಂಗಳು ಬೆಂಗಳೂರಿನಿಂದ ಮಗ ರಜೆಗೆ ಬಂದಿದ್ದ. ರಾತ್ರಿ ಊಟವಾಗಿ, ಪಾತ್ರೆ ತೊಳೆದಿಟ್ಟು ನಾನು ಕೈ ಒರೆಸಿಕೊಳ್ಳುತ್ತಿದ್ದಾಗ ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೇ ಬಂದ.

"ಅಮ್ಮಿ, ನಿಮಗೊಂದು ಪರೀಕ್ಷೆ. ಇದರಲ್ಲಿ ಬಿಳಿ ಅಂಗಿಯವರು ಮೂವರು, ಕಪ್ಪು ಅಂಗಿಯವರು ಮೂವರು ಇದ್ದಾರೆ. ಬಿಳಿಯವರು ಚೆಂಡನ್ನು ಎಷ್ಟು ಸಲ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ ಎಂದು ಎಣಿಸಬೇಕು. ಒಂದೂ ತಪ್ಪಬಾರದು."

ಎಣಿಕೆಯ ವಿಷಯದಲ್ಲಿ ನಾನು ಗಟ್ಟಿ. ತಿಂಗಳ ಸಾಮಾನಿನ ಚೀಟಿಯನ್ನು ಬಾಯಲ್ಲೇ ಕೂಡಿ ಅಂಗಡಿಯವನಿಗೆ ಲೆಕ್ಕ ಹೇಳುವವಳು. ಕನ್ನಡಕ ಹಾಕಿಕೊಂಡು ಕುಳಿತೆ. ಅವರೆಲ್ಲ ಒಬ್ಬರ ನಡುವೆ ಒಬ್ಬರು ಸುತ್ತುತ್ತಾ ಚೆಂಡು ಎಸೆಯುತ್ತಿದ್ದರು. ಕಪ್ಪು ಅಂಗಿಯವರ ಕೈಯಲ್ಲಿ ಇನ್ನೊಂದು ಚೆಂಡಿತ್ತು, ಅದು ಅಡ್ಡ ಬರುತ್ತಿತ್ತು. ಆದರೂ ಬಿಡದೆ ಎಣಿಸಿದೆ. ಲೆಕ್ಕ ಸರಿಯಾಗಿತ್ತು. ಮಗನ ಮುಖ ನೋಡಿ ಸ್ವಲ್ಪ ಬೀಗಿದೆ ಕೂಡ.

"ಲೆಕ್ಕ ಸರಿ. ಗೊರಿಲ್ಲಾ ನೋಡಿದ್ರಾ?"

"ಯಾವ ಗೊರಿಲ್ಲಾ?"

ಅವನು ನಗುತ್ತಾ ಅದನ್ನೇ ಮತ್ತೆ ಹಾಕಿದ. ಈ ಸಲ ಎಣಿಸಬೇಡಿ, ಸುಮ್ಮನೆ ನೋಡಿ ಎಂದ. ಆಟದ ಮಧ್ಯದಲ್ಲಿ ಗೊರಿಲ್ಲಾದ ವೇಷ ಹಾಕಿದ ಒಬ್ಬರು ಬಲಗಡೆಯಿಂದ ನಿಧಾನವಾಗಿ ನಡೆದು ಬಂದರು. ಆಟಗಾರರ ನಡುವೆಯೇ ನಿಂತು, ನಮ್ಮ ಕಡೆ ತಿರುಗಿ ಎದೆ ಬಡಿದುಕೊಂಡರು. ಆಮೇಲೆ ಎಡಗಡೆಗೆ ಹೊರಟುಹೋದರು. ಓಡಿಹೋಗಿದ್ದೂ ಅಲ್ಲ, ಮರೆಯಲ್ಲಿ ಬಂದಿದ್ದೂ ಅಲ್ಲ. ಸುಮಾರು 9 ಸೆಕೆಂಡು ಪರದೆಯ ಮೇಲೆಯೇ ಇದ್ದರು. "ಇದು ಬೇರೆ ವೀಡಿಯೊ, ನನಗೆ ಮೋಸ ಮಾಡಬೇಡ" ಎಂದು ಮಗನನ್ನು ಗದರಿಸಿದೆ. ಈ ಪ್ರಯೋಗದಲ್ಲಿ ಭಾಗವಹಿಸಿದ ಅನೇಕರೂ ಇದೇ ಮಾತು ಹೇಳಿದ್ದರಂತೆ, ಟೇಪು ಬದಲಾಯಿಸಿದ್ದೀರಿ ಎಂದು.

ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಬ್ರೀ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ಮಾಡಿದ ಪ್ರಯೋಗ ಅದು. 1999ರಲ್ಲಿ ಪ್ರಕಟವಾಯಿತು. ನೋಡಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಗೊರಿಲ್ಲಾ ಕಂಡಿರಲಿಲ್ಲ. ಅವರ ಕಣ್ಣು ಚೆನ್ನಾಗಿಯೇ ಇತ್ತು, ವಿದ್ಯಾವಂತರೂ ಆಗಿದ್ದರು. ಇನ್ನೊಂದು ವಿಚಿತ್ರವೆಂದರೆ, ಕಪ್ಪು ಅಂಗಿಯವರನ್ನು ಎಣಿಸಲು ಹೇಳಿದ್ದವರಲ್ಲಿ ಗೊರಿಲ್ಲಾವನ್ನು ಕಂಡವರು ಹೆಚ್ಚು. ಗೊರಿಲ್ಲಾ ಕಪ್ಪು, ಅವರ ಮನಸ್ಸು ಹುಡುಕುತ್ತಿದ್ದುದೂ ಕಪ್ಪು. ಬಿಳಿಯನ್ನು ಹುಡುಕುತ್ತಿದ್ದ ನಮ್ಮಂಥವರ ಮನಸ್ಸು ಕಪ್ಪಾಗಿದ್ದುದನ್ನೆಲ್ಲ ಆಚೆ ತಳ್ಳಿಬಿಟ್ಟಿತ್ತು, ಅದರ ಜೊತೆಗೆ ಗೊರಿಲ್ಲಾವನ್ನೂ.

ಮಗ ನಗುನಗುತ್ತಾ ಮಲಗಲು ಹೋದ. ನನಗೆ ಮಾತ್ರ ಅಂದು ರಾತ್ರಿ ನಿದ್ರೆ ಬರಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಗಮನ ಎಂದರೆ ಕಣ್ಣು ಕಿವಿಯನ್ನು ಒಂದು ಕಡೆ ತಿರುಗಿಸುವುದು ಎಂದು ನಾವು ತಿಳಿದಿದ್ದೇವೆ. ವಿಷಯ ಅಷ್ಟು ಸರಳವಾಗಿಲ್ಲ. ಎರಡನೇ ಮಹಾಯುದ್ಧದ ನಂತರ ಇದರ ಬಗ್ಗೆ ಗಂಭೀರ ಅಧ್ಯಯನಗಳು ನಡೆದವು. ವಿಮಾನ ಚಾಲಕರು, ರೇಡಾರ್ ನೋಡುವವರು, ಒಟ್ಟೊಟ್ಟಿಗೆ ಬರುವ ಹಲವು ಧ್ವನಿಗಳನ್ನು ಆಲಿಸಬೇಕಾದ ನಿಯಂತ್ರಣ ಕೊಠಡಿಯವರು, ಇವರೆಲ್ಲ ಯಾಕೆ ತಪ್ಪು ಮಾಡುತ್ತಾರೆ ಎಂದು ತಿಳಿಯುವ ಅಗತ್ಯ ಆಗ ಬಂದಿತ್ತು. 1953ರಲ್ಲಿ ಕಾಲಿನ್ ಚೆರ್ರಿ ಎಂಬ ಬ್ರಿಟಿಷ್ ವಿಜ್ಞಾನಿ ಒಂದು ಸರಳ ಪ್ರಶ್ನೆ ಎತ್ತಿಕೊಂಡರು. ಗದ್ದಲದ ಕೂಟದಲ್ಲಿ ಹತ್ತಾರು ಜನ ಮಾತಾಡುತ್ತಿರುವಾಗ ನಾವು ಎದುರಿಗಿರುವವರ ಮಾತನ್ನು ಮಾತ್ರ ಹೇಗೆ ಹಿಡಿದುಕೊಳ್ಳುತ್ತೇವೆ? ಮದುವೆ ಮನೆಯಲ್ಲಿ ಹೆಂಗಸರ ಕೋಣೆಯಲ್ಲಿ ಕುಳಿತ ಯಾರಿಗೂ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೆರ್ರಿ ಅವರು ಎರಡು ಕಿವಿಗೆ ಎರಡು ಬೇರೆ ಬೇರೆ ಮಾತುಗಳನ್ನು ಕೇಳಿಸಿದರು. ಒಂದು ಕಿವಿಯ ಮಾತನ್ನು ಕೇಳಿದ ಹಾಗೆಯೇ ಬಾಯಲ್ಲಿ ಹೇಳುತ್ತಾ ಹೋಗಬೇಕು. ಅದು ಮುಗಿದ ಮೇಲೆ ಇನ್ನೊಂದು ಕಿವಿಯಲ್ಲಿ ಏನು ಬಂತು ಎಂದು ಕೇಳಿದರು. ಜನರಿಗೆ ಏನೂ ಗೊತ್ತಿರಲಿಲ್ಲ. ಯಾರೋ ಮಾತಾಡುತ್ತಿದ್ದರು ಎಂಬುದು ಗೊತ್ತು, ಗಂಡು ದನಿ ಹೆಣ್ಣು ದನಿಯಾದದ್ದು ಗೊತ್ತು. ಆದರೆ ಆ ಕಿವಿಯಲ್ಲಿ ಇಂಗ್ಲಿಷ್ ಹೋಗಿ ಜರ್ಮನ್ ಭಾಷೆ ಬಂದದ್ದು ಕೂಡ ತಿಳಿದಿರಲಿಲ್ಲ. 1958ರಲ್ಲಿ ಕೇಂಬ್ರಿಜ್‌ನ ಡೊನಾಲ್ಡ್ ಬ್ರಾಡ್‌ಬೆಂಟ್ ಇದಕ್ಕೊಂದು ವಿವರಣೆ ಕೊಟ್ಟರು. ನಮ್ಮ ಮಿದುಳು ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡರೆ ಕೆಲಸ ಮಾಡಲಾಗದು, ಆದ್ದರಿಂದ ಬಾಗಿಲಲ್ಲೇ ಒಂದು ಸೋಸುವ ಜಾಲರಿ ಇದೆ ಎಂದರು. ಚಹಾ ಸೋಸುವಾಗ ಪುಡಿ ಮೇಲೆ ಉಳಿದು ರಸ ಕೆಳಗಿಳಿಯುವುದಿಲ್ಲವೇ, ಹಾಗೆ.

ಆದರೆ ಮರುವರ್ಷವೇ, 1959ರಲ್ಲಿ, ನೆವಿಲ್ ಮೊರೇ ಎಂಬುವರು ಗಮನವಿಲ್ಲದ ಕಿವಿಯಲ್ಲಿ ಆ ವ್ಯಕ್ತಿಯ ಹೆಸರನ್ನೇ ಸೇರಿಸಿ ನೋಡಿದರು. ಮೂರರಲ್ಲಿ ಒಂದು ಪಾಲಿನಷ್ಟು ಸಲ ಅದು ಅವರಿಗೆ ಕೇಳಿಸಿತು! ಅಂದರೆ ಜಾಲರಿ ಪೂರ್ತಿ ಮುಚ್ಚಿರುವುದಿಲ್ಲ. ಆನ್ ಟ್ರೀಸ್‌ಮನ್ ಎಂಬ ವಿಜ್ಞಾನಿ ಇದನ್ನು ತಿದ್ದಿ, ಗಮನವಿಲ್ಲದ ಮಾತು ಪೂರ್ತಿ ಕತ್ತರಿಸಿಹೋಗುವುದಿಲ್ಲ, ರೇಡಿಯೊದ ದನಿ ತಗ್ಗಿಸಿದ ಹಾಗೆ ಕ್ಷೀಣವಾಗುತ್ತದೆ ಅಷ್ಟೇ ಎಂದರು. ನಮಗೆ ತುಂಬ ಬೇಕಾದದ್ದು, ನಮ್ಮ ಹೆಸರಿನಂಥದ್ದು, ಆ ಕ್ಷೀಣ ದನಿಯಲ್ಲೂ ಒಳಗೆ ಮುಟ್ಟಬಹುದು. ಆದರೆ ಮುಟ್ಟಿಯೇ ಮುಟ್ಟುತ್ತದೆ ಎಂಬ ಭರವಸೆ ಇಲ್ಲ. ಮೂರರಲ್ಲಿ ಎರಡು ಪಾಲು ಸಲ ಸ್ವಂತ ಹೆಸರೇ ಕೇಳಿಸಿರಲಿಲ್ಲ ಎಂಬುದನ್ನೂ ಮರೆಯಬಾರದು. ಪುಸ್ತಕ ಓದುತ್ತಿರುವ ಮಗಳನ್ನು ನಾಲ್ಕು ಸಲ ಕರೆದು, "ಕಿವಿ ಕೇಳಿಸಲ್ವಾ, ಬೇಕೆಂದೇ ಸುಮ್ಮನಿದ್ದೀಯ" ಎಂದು ಬೈಯುತ್ತೇವಲ್ಲ, ಕೆಲವು ಸಲ ಅವಳಿಗೆ ನಿಜವಾಗಿಯೂ ಕೇಳಿಸಿರುವುದಿಲ್ಲ. ಎಲ್ಲ ಸಲವೂ ಅಲ್ಲ, ಮಕ್ಕಳ ಜಾಣ್ಮೆ ನನಗೂ ಗೊತ್ತು.

ಪರಿಣತರಾದರೆ ಈ ತಪ್ಪು ಆಗುವುದಿಲ್ಲ ಎಂದು ತೋರಬಹುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 24 ಮಂದಿ ರೇಡಿಯಾಲಜಿ ವೈದ್ಯರಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಚಿತ್ರಗಳನ್ನು ಕೊಟ್ಟು, ಕ್ಯಾನ್ಸರಿನ ಸಣ್ಣ ಗಂಟುಗಳನ್ನು ಹುಡುಕಲು ಹೇಳಿದರು. ಆ ಚಿತ್ರದೊಳಗೆ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾದ ಚಿತ್ರವೊಂದನ್ನು ಸೇರಿಸಿಟ್ಟಿದ್ದರು. 24ರಲ್ಲಿ 20 ವೈದ್ಯರು ಅದನ್ನು ನೋಡಲಿಲ್ಲ. ಕಣ್ಣಿನ ಚಲನೆಯನ್ನು ಅಳೆಯುವ ಯಂತ್ರ ಅವರ ಮುಂದಿತ್ತು. ನೋಡದಿದ್ದವರಲ್ಲಿ ಹೆಚ್ಚಿನವರ ಕಣ್ಣು ಗೊರಿಲ್ಲಾ ಇದ್ದ ಜಾಗದ ಮೇಲೆಯೇ ಹಾದುಹೋಗಿತ್ತು. ಕಣ್ಣು ಅಲ್ಲೇ ಇತ್ತು, ಮನಸ್ಸು ಗಂಟನ್ನು ಹುಡುಕುತ್ತಿತ್ತು.

ಇದು ಪ್ರಯೋಗಶಾಲೆಯ ಆಟವೆಂದು ನಗಬಹುದಿತ್ತು. ಆದರೆ ಇದರಿಂದಾಗಿ ಮನುಷ್ಯನೊಬ್ಬ ಜೈಲಿನ ಬಾಗಿಲಿಗೆ ಹೋಗಿ ಬಂದದ್ದೂ ಇದೆ. 1995ರ ಜನವರಿ 25ರ ರಾತ್ರಿ ಅಮೆರಿಕದ ಬಾಸ್ಟನ್ ನಗರದಲ್ಲಿ ಪೊಲೀಸರು ಶಂಕಿತ ಆರೋಪಿಗಳನ್ನು ಅಟ್ಟಿಸಿಕೊಂಡು ಹೋಗಿದ್ದರು. ಮೈಕೆಲ್ ಕಾಕ್ಸ್ ಎಂಬ ಕಪ್ಪು ವರ್ಣೀಯ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಲಿಲ್ಲ. ಬೇಲಿಯೊಂದರ ಹತ್ತಿರ ಬೇರೆ ಪೊಲೀಸರು ಇವರನ್ನೇ ಆರೋಪಿಯೆಂದು ತಿಳಿದು ಹಿಡಿದು, ಗಂಭೀರವಾಗಿ ಗಾಯವಾಗುವಷ್ಟು ಹೊಡೆದರು. ಹೊಡೆದವರು ಯಾರು ಎಂಬುದನ್ನು ಇಲಾಖೆಯಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಕೆನೆತ್ ಕಾನ್ಲಿ ಎಂಬ ಇನ್ನೊಬ್ಬ ಪೊಲೀಸ್ ಅದೇ ಸ್ಥಳದ ಪಕ್ಕದಿಂದ ಓಡಿ, ಬೇಲಿ ಹಾರಿ, ನಿಜವಾದ ಆರೋಪಿಯನ್ನು ಹಿಡಿದಿದ್ದ. ಅಲ್ಲಿಂದ ಹೋದದ್ದು ನಿಜ, ಹೊಡೆಯುವುದನ್ನು ನೋಡಲಿಲ್ಲ ಎಂದು ಅವನು ಸಾಕ್ಷಿ ಹೇಳಿದ. ಯಾರು ನಂಬುತ್ತಾರೆ? ಅಲ್ಲಿಯೇ ಇದ್ದವನು ನೋಡದೇ ಇರಲು ಹೇಗೆ ಸಾಧ್ಯ? ಸಂಗಡಿಗರನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ ಎಂದು ತೀರ್ಮಾನಿಸಿ 1998ರಲ್ಲಿ ಅವನಿಗೆ 34 ತಿಂಗಳ ಸಜೆ ವಿಧಿಸಿದರು. ಮೇಲ್ಮನವಿಗಳು ವರ್ಷಗಟ್ಟಲೆ ನಡೆದು 2005ರಲ್ಲಿ ಅವನಿಗೆ ಬಿಡುಗಡೆಯ ದಾರಿ ಸಿಕ್ಕಿತು. ಅದೂ ಸರ್ಕಾರಿ ವಕೀಲರು ಒಂದು ಮುಖ್ಯ ದಾಖಲೆಯನ್ನು ಅವನ ಕಡೆಯವರಿಗೆ ಕೊಟ್ಟಿರಲಿಲ್ಲ ಎಂಬ ಕಾರಣಕ್ಕೆ. ಅವನು ಹೇಳಿದ್ದು ನಿಜವಿರಬಹುದು ಎಂದು ನ್ಯಾಯಾಲಯ ಒಪ್ಪಿದ್ದರಿಂದಲ್ಲ.

ಆ ಗೊರಿಲ್ಲಾ ಪ್ರಯೋಗದ ಶಬ್ರೀ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿಯೇ ನೋಡೋಣ ಎಂದುಕೊಂಡರು. 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಒಬ್ಬ ಓಟಗಾರನ ಹಿಂದೆ ಓಡಿಸಿದರು. ಅವನು ಎಷ್ಟು ಸಲ ತಲೆ ಮುಟ್ಟಿಕೊಳ್ಳುತ್ತಾನೆ ಎಂದು ಎಣಿಸುತ್ತಾ ಓಡಬೇಕು. ದಾರಿಯ ಪಕ್ಕದಲ್ಲಿ ಇಬ್ಬರು ಸೇರಿ ಒಬ್ಬನನ್ನು ಹೊಡೆಯುವ ನಾಟಕ ನಡೆಯುತ್ತಿತ್ತು, ಕೂಗಾಟದೊಂದಿಗೆ. ರಾತ್ರಿ ಹೊತ್ತು ಅದನ್ನು ಗಮನಿಸಿದವರು ನೂರಕ್ಕೆ 35 ಮಂದಿ. ಹಾಡುಹಗಲಲ್ಲಿ ಕೂಡ ನೂರಕ್ಕೆ 56 ಮಂದಿ ಮಾತ್ರ. ಕಾನ್ಲಿ ನಿಜವನ್ನೇ ಹೇಳಿದ್ದ ಎಂದು ಇದರಿಂದ ಸಾಬೀತಾಗುವುದಿಲ್ಲ. ಅವನು ಹೇಳಿದ್ದು ಅಸಾಧ್ಯವೇನಲ್ಲ ಎಂಬಷ್ಟು ಮಾತ್ರ ತಿಳಿಯುತ್ತದೆ. ಒಬ್ಬ ಮನುಷ್ಯನ ಬದುಕಿಗೆ ಅಷ್ಟು ಸಾಕಾಗಿತ್ತು.

ಈಗ ನನ್ನ ವಿಷಯ ಹೇಳುತ್ತೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನಾವೆಲ್ಲ ಒಟ್ಟು ಕುಟುಂಬದಲ್ಲಿದ್ದೆವು. ನಾದಿನಿಯ ನಿಕಾಹ್ ಮುಗಿದ ಮರುದಿನ. ನೆಂಟರು ಇನ್ನೂ ಹೊರಟಿರಲಿಲ್ಲ. ಹಿತ್ತಿಲಲ್ಲಿ ಬಾಡಿಗೆಗೆ ತಂದ ಊಟದ ತಟ್ಟೆಗಳನ್ನು ತೊಳೆದು ರಾಶಿ ಹಾಕಿದ್ದರು. ಅವನ್ನು ವಾಪಸ್ ಒಯ್ಯಲು ಅಂಗಡಿಯ ಹುಡುಗ ಗಾಡಿ ತಂದು ಅವಸರ ಮಾಡುತ್ತಿದ್ದ. ಅದಕ್ಕೆ ಹಿಂದಿನ ಒಂದು ಕಾರ್ಯದಲ್ಲಿ ಹನ್ನೊಂದು ತಟ್ಟೆ ಕಡಿಮೆ ಬಂದು ನಮ್ಮವರು ಸುಮ್ಮನೆ ದುಡ್ಡು ಕಟ್ಟಿದ್ದರು. ನನ್ನ ಓರಗಿತ್ತಿ ಮದುವೆಯಾಗಿ ಬಂದು ಆಗ ಎರಡು ವರ್ಷವಾಗಿತ್ತು. ಅವಳು ತಟ್ಟೆ ಎಣಿಸಲು ಕುಳಿತಳು. ಅವಳ ಬೆನ್ನ ಪಕ್ಕದಲ್ಲೇ, ಎರಡು ಮೊಳ ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲಿಗೆ ತಾಗಿಕೊಂಡು ಸಿಮೆಂಟಿನ ನೀರಿನ ತೊಟ್ಟಿ.

ನನ್ನ ಮಗನಿಗೆ ಆಗ ಎರಡೂವರೆ ವರ್ಷ. ಅವನು ಒಗೆಯುವ ಕಲ್ಲು ಹತ್ತಿ ತೊಟ್ಟಿಯೊಳಗೆ ಬಿದ್ದ. ಪಾತ್ರೆ ತೊಳೆಯಲು ಬಂದಿದ್ದ ಅಜ್ಜಿ ಕೊಡ ತುಂಬಲು ಬಂದವಳು ಕೂಗಿಕೊಂಡು, ಕೈ ಹಾಕಿ ಎಳೆದು ಹಾಕಿದಳು. ಮಗು ನೀರು ಕಾರಿತು, ಕೆಮ್ಮಿತು, ಆಮೇಲೆ ಅತ್ತಿತು. ಅಲ್ಲಾಹನ ಕೃಪೆಯಿಂದ ಬೇರೇನೂ ಆಗಲಿಲ್ಲ.

ನಾನು ಅಡುಗೆಮನೆಯಿಂದ ಓಡಿಬಂದೆ. ಮಗುವನ್ನು ಎದೆಗವಚಿಕೊಂಡು ಓರಗಿತ್ತಿಯ ಕಡೆ ತಿರುಗಿ, ಮನೆ ತುಂಬ ನೆಂಟರು ನಿಂತಿರುವಾಗ ಹೇಳಿದೆ: "ಕಣ್ಣು ಎಲ್ಲಿಟ್ಟಿದ್ದೆ? ಪಕ್ಕದಲ್ಲೇ ಕೂತು ಕಾಣಲಿಲ್ಲ ಅಂತೀಯಾ? ನಿನ್ನ ಸ್ವಂತ ಮಗುವಾಗಿದ್ದರೆ ಕಾಣುತ್ತಿರಲಿಲ್ಲವಾ?"

ಅವಳಿಗೆ ಆಗ ಮಕ್ಕಳಿರಲಿಲ್ಲ. ಅದಕ್ಕಾಗಿ ಆಸ್ಪತ್ರೆಗೆ ತಿರುಗುತ್ತಿದ್ದಳು. ನನಗೆ ಅದು ಗೊತ್ತಿತ್ತು.

ಅವಳು ಅಂದು "ನನಗೆ ನಿಜವಾಗಿಯೂ ಕಾಣಲಿಲ್ಲ ಭಾಬಿ" ಎಂದು ಎರಡು ಸಲ ಹೇಳಿದಳು. ಮೂರನೇ ಸಲ ಹೇಳಲಿಲ್ಲ. ಮರುವರ್ಷ ಅವರು ಬೇರೆ ಮನೆ ಮಾಡಿದರು. ಈದ್‌ಗೆ ಬರುತ್ತಾಳೆ, ಹೋಗುತ್ತಾಳೆ, ಮಗನನ್ನು ಕಂಡರೆ ಪ್ರಾಣ. ನಮ್ಮಿಬ್ಬರ ನಡುವೆ ಮಾತ್ರ ಆ ತೊಟ್ಟಿ ಹಾಗೇ ಉಳಿಯಿತು.

ತಟ್ಟೆ ಎಣಿಸಲು ಅವಳಿಗೆ ಹೇಳಿದ್ದು ನಾನೇ. ಗೊರಿಲ್ಲಾ ನೋಡಿದ ರಾತ್ರಿ ನನಗೆ ನೆನಪಾದದ್ದು ಅದು. "ಹೋದ ಸಲದ ಹಾಗೆ ಆಗಬಾರದು, ಒಂದೂ ತಪ್ಪದ ಹಾಗೆ ಎಣಿಸು" ಎಂದಿದ್ದೆ. ಮಗುವನ್ನು ನೋಡಿಕೊಳ್ಳಲು ಮಾತ್ರ ಹೇಳಿರಲಿಲ್ಲ. ಹಿತ್ತಿಲಲ್ಲಿ ಅವಳಿದ್ದಾಳಲ್ಲ ಎಂದು ಮನಸ್ಸಿನಲ್ಲೇ ಮಗುವನ್ನು ಅವಳಿಗೆ ಒಪ್ಪಿಸಿ ನಾನು ನೆಂಟರಿಗೆ ಚಹಾ ಮಾಡುತ್ತಿದ್ದೆ.

ಹಾಗೆ ಅಂದುಕೊಳ್ಳುವುದು ನನ್ನೊಬ್ಬಳ ತಪ್ಪಲ್ಲವಂತೆ. ಸೈಮನ್ಸ್ ಮತ್ತು ಶಬ್ರೀ 2011ರಲ್ಲಿ ಅಮೆರಿಕದ ಜನಸಾಮಾನ್ಯರ ಅಭಿಪ್ರಾಯ ಕೇಳಿದಾಗ, ಬೇರೇನೋ ನೋಡುತ್ತಿದ್ದರೂ ಕಣ್ಣ ಮುಂದೆ ಅನಿರೀಕ್ಷಿತವಾದದ್ದು ಬಂದರೆ ಸಾಮಾನ್ಯವಾಗಿ ಕಂಡೇ ಕಾಣುತ್ತದೆ ಎಂದು ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಹೇಳಿದ್ದರು. ಕಾಣದೇ ಹೋದದ್ದು ನಮಗೆ ಕಾಣುವುದಿಲ್ಲವಲ್ಲ, ಹಾಗಾಗಿ ಎಲ್ಲವೂ ಕಾಣುತ್ತಿದೆ ಎಂದೇ ನಾವು ಬದುಕುತ್ತೇವೆ. ಅಪಾಯ ಇರುವುದು ಇಲ್ಲಿ.

ನಾವು ಹೆಂಗಸರಿಗಂತೂ ಅಷ್ಟಾವಧಾನಿಗಳೆಂಬ ಬಿರುದಿದೆ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಮಗು, ಭುಜ ಮತ್ತು ಕಿವಿಯ ನಡುವೆ ಮೊಬೈಲು. ಇದು ಸ್ವಲ್ಪ ಮಟ್ಟಿಗೆ ನಿಜ. ವರ್ಷಗಟ್ಟಲೆ ಮಾಡಿ ಕೈಗೆ ರೂಢಿಯಾದ ಕೆಲಸ ಹೆಚ್ಚು ಗಮನ ಬೇಡುವುದಿಲ್ಲ. ರೊಟ್ಟಿ ತಟ್ಟುತ್ತಾ ಮಾತಾಡಬಹುದು. ಆದರೆ ಮನಸ್ಸನ್ನು ಬೇಡುವ ಎರಡು ಕೆಲಸಗಳು ಒಟ್ಟಿಗೆ ಬಂದಾಗ ಮಿದುಳು ಎರಡನ್ನೂ ಮಾಡುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಪ್ರತಿ ಹಾರಾಟದಲ್ಲೂ ಏನೋ ಒಂದು ಕೈತಪ್ಪುತ್ತದೆ. ಅರ್ಥಶಾಸ್ತ್ರದಲ್ಲಿ 2002ರ ನೊಬೆಲ್ ಪಡೆದ ಡೇನಿಯಲ್ ಕಾಹ್ನೆಮನ್ ಮೂಲತಃ ಮನಶ್ಶಾಸ್ತ್ರಜ್ಞರು. ಅವರು 1973ರ ತಮ್ಮ ಪುಸ್ತಕದಲ್ಲಿ ಗಮನವನ್ನು ಖರ್ಚಾಗುವ ಬಂಡವಾಳದಂತೆ ವಿವರಿಸಿದ್ದರು. ಸಂಬಳದ ದುಡ್ಡಿನ ಹಾಗೆ ಅದು ಇಷ್ಟೇ ಎಂದು ಇರುತ್ತದೆ, ಒಂದು ಕಡೆ ಹೆಚ್ಚು ಹಾಕಿದರೆ ಇನ್ನೊಂದು ಕಡೆ ಕಡಿಮೆಯಾಗಲೇಬೇಕು. ನಮಾಝಿನಲ್ಲಿ ಎಷ್ಟು ರಕಅತ್ ಆಯಿತೆಂದು ಮರೆತವರಿಗೆ ಸಜ್ದಾ ಸಹ್ವ್ ಇರುವುದು ನೆನಪಾಗುತ್ತದೆ. ಮನುಷ್ಯನ ಮನಸ್ಸು ಜಾರುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡ ಏರ್ಪಾಡು ಅದು.

ವಾಹನ ಓಡಿಸುವಾಗ ಮೊಬೈಲ್ ಕೈಯಲ್ಲಿ ಹಿಡಿಯದೆ, ಕಿವಿಗೆ ಸಿಕ್ಕಿಸಿಕೊಂಡು ಮಾತಾಡಿದರೆ ತೊಂದರೆಯಿಲ್ಲ ಎಂದು ನಮ್ಮ ಮನೆಯವರೂ ವಾದಿಸುತ್ತಿದ್ದರು. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2001ರಿಂದ ನಡೆಸಿದ ಅಧ್ಯಯನಗಳಲ್ಲಿ ಕೈಯಲ್ಲಿ ಹಿಡಿದರೂ ಹಿಡಿಯದಿದ್ದರೂ ತೊಂದರೆ ಒಂದೇ ಎಂದು ಕಂಡುಬಂತು. ಮಾತಿನಲ್ಲಿ ಮುಳುಗಿದವರು ರಸ್ತೆ ಬದಿಯ ಫಲಕವನ್ನು ನೇರವಾಗಿ ನೋಡಿದ್ದರೂ ಆಮೇಲೆ ಅದನ್ನು ಗುರುತಿಸಲಾರದೆ ಹೋದರು. ಈ ಸಂಗತಿ ಓದಿ ಹೇಳಿದ ಮೇಲೆ ನಮ್ಮವರು ಗಾಡಿ ನಿಲ್ಲಿಸಿ ಮಾತಾಡುತ್ತಾರೆ, ನಾನು ಪಕ್ಕದಲ್ಲಿದ್ದಾಗಲಾದರೂ.

ಮಗುವಿಗೂ ನೀರಿಗೂ ಸಂಬಂಧಿಸಿ ಎರಡು ಮಾತು ಹೇಳಲೇಬೇಕು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ. ಹೆಚ್ಚಾಗಿ ಸದ್ದೇ ಇರುವುದಿಲ್ಲ. ಕೈಕಾಲು ಬಡಿದರೆ ಕೇಳಿಸೀತು ಎಂದು ಬೆನ್ನು ಹಾಕಿ ಕೂರುವಂತಿಲ್ಲ. ಚಿಕ್ಕ ಮಗುವಿಗೆ ಬಾವಿ ಕೆರೆಯೇ ಬೇಕೆಂದಿಲ್ಲ, ಬಕೆಟಿನ ತಳದಲ್ಲಿ ನಿಂತ ಕೆಲವು ಅಂಗುಲ ನೀರೂ ಸಾಕು. ಇನ್ನೊಂದು, ಕಾವಲು ಕಾಯುವ ಕಣ್ಣು ಬೇಗ ಸೋಲುತ್ತದೆ. ಯುದ್ಧಕಾಲದ ರೇಡಾರ್ ಕಾವಲುಗಾರರಿಗಾಗಿ ನಾರ್ಮನ್ ಮ್ಯಾಕ್‌ವರ್ತ್ ಎಂಬುವರು ನಡೆಸಿ, 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಡಿಯಾರದಂಥ ಒಂದು ಮುಳ್ಳನ್ನು ಎರಡು ಗಂಟೆ ನೋಡುತ್ತಿರಬೇಕಿತ್ತು. ಅಪರೂಪಕ್ಕೊಮ್ಮೆ ಮುಳ್ಳು ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ, ಅದನ್ನು ಹಿಡಿಯಬೇಕು. ಮೊದಲ ಅರ್ಧ ಗಂಟೆಯಲ್ಲೇ ಜನ ತಪ್ಪತೊಡಗಿದರು. ಬೇರೇನೂ ಕೆಲಸವಿಲ್ಲದೆ ಕುಳಿತವರ ಪಾಡೇ ಅದು.

ಹೀಗಾಗಿ ಮದುವೆ, ಅಖೀಖ, ಸಮುದ್ರ ತೀರಕ್ಕೆ ಹೋಗುವುದು ಇಂಥ ದಿನಗಳಲ್ಲಿ ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಮಗುವನ್ನು ನೋಡಿಕೊಳ್ಳುವವರು ಇಂಥವರೇ ಎಂದು ಬಾಯಿಬಿಟ್ಟು ಹೇಳುತ್ತೇವೆ, ಹೆಸರು ಹಿಡಿದು. ಅವರಿಗೆ ಬೇರೆ ಕೆಲಸ ಹೇಳುವುದಿಲ್ಲ, ಕೈಯಲ್ಲಿ ಮೊಬೈಲೂ ಇರಕೂಡದು. ಅರ್ಧ ಗಂಟೆಗೊಮ್ಮೆ ಇನ್ನೊಬ್ಬರು ಬರುತ್ತಾರೆ. "ನೋಡಿಕೊಳ್ಳಿ" ಎಂದವರು "ಆಯ್ತು" ಎಂಬ ಉತ್ತರ ಬರುವವರೆಗೆ ಜಾಗ ಬಿಡುವುದಿಲ್ಲ. ಎಲ್ಲರೂ ಇದ್ದೇವಲ್ಲ ಎಂಬಲ್ಲಿಯೇ ಯಾರೂ ಇರುವುದಿಲ್ಲ. ಮತ್ತೆ, ಮಗುವಿರುವ ಮನೆಯಲ್ಲಿ ತೊಟ್ಟಿಗೆ ಮುಚ್ಚಳ ಹಾಕಿಬಿಡುವುದು ಎಲ್ಲ ಗಮನಕ್ಕಿಂತ ಮೇಲು. ನಮ್ಮ ತೊಟ್ಟಿಗೆ ಅಂದೇ ಸಂಜೆ ಮಾವನವರು ಹಲಗೆ ಹೊಡೆಸಿದ್ದರು.

ಮಗ ಬೆಂಗಳೂರಿಗೆ ಹೊರಟ ಮರುದಿನ ನಾನು ಓರಗಿತ್ತಿಯ ಮನೆಗೆ ಹೋದೆ. ಅವಳಿಗೆ ಈಗ ಇಬ್ಬರು ಹೆಣ್ಣುಮಕ್ಕಳು. ಮಗ ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದ ವೀಡಿಯೊ ತೋರಿಸಿ, ಬಿಳಿಯವರನ್ನು ಎಣಿಸು ಎಂದೆ. ಅವಳಿಗೂ ಗೊರಿಲ್ಲಾ ಕಾಣಲಿಲ್ಲ. ಎರಡನೇ ಸಲ ಹಾಕಿದಾಗ ಕಂಡು, ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ನಾನು ನಗಲಿಲ್ಲ. ಆ ದಿನ ನಾನಾಡಿದ ಮಾತನ್ನು ನೆನಪಿಸಿ, ನನ್ನನ್ನು ಮಾಫ್ ಮಾಡು ಎಂದೆ. ಅವಳು ಬಹಳ ಹೊತ್ತು ಮೊಬೈಲನ್ನೇ ನೋಡುತ್ತಿದ್ದಳು.

"ನೂರ ಎಂಬತ್ತಾರಕ್ಕೆ ಬಂದಿದ್ದೆ ಭಾಬಿ" ಎಂದಳು. "ಆಗ ಅಜ್ಜಿಯ ಕೂಗು ಕೇಳಿಸಿತು."